ಹಳೆಯ ಕಂಪ್ಯೂಟರಿಗೆ ಹೊಸ ಓಎಸ್: ಫಾರ್ಮ್ಯಾಟ್‌ಗೆ ಮೊದಲಿನ ಕೆಲಸವೇ ದೊಡ್ಡದು

2013ರಲ್ಲಿ ಅಸೆಂಬಲ್ ಮಾಡಿಸಿದ ನಮ್ಮ ಮನೆಯ ಕಂಪ್ಯೂಟರನ್ನು ಪೂರ್ತಿ ಬರಿದು ಮಾಡಿ, ಹೊಸದಾಗಿ ಆಪರೇಟಿಂಗ್ ಸಿಸ್ಟಂ (ಓಎಸ್) ಹಾಕುವ ಕೆಲಸ ಈಗಷ್ಟೇ ಮುಗಿದಿದೆ. ಇದೇ ಕೆಲಸಕ್ಕೆ ಕೈಹಾಕಲಿರುವವರಿಗೆ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಓಎಸ್ ಹಾಕುವುದು ಅರ್ಧ ಗಂಟೆಯ ಮಾತು. ಅದಕ್ಕೆ ಮೊದಲು ಡಿಸ್ಕಿನಲ್ಲಿ ಏನೇನಿದೆ, ಯಾವ ರೂಪದಲ್ಲಿದೆ ಎಂದು ಹುಡುಕಿ ಉಳಿಸಿಕೊಳ್ಳುವುದರಲ್ಲೇ ಹೈರಾಣಾಗುತ್ತೇವೆ. ಅದರಲ್ಲೂ ಹಳೆಯ 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ, ಫೈಲನ್ನು ನಕಲು ಮಾಡಿಕೊಂಡ ಮಾತ್ರಕ್ಕೆ ಅದು ಉಳಿಯಿತು ಎಂದು ಭಾವಿಸಬೇಡಿ.

ನಮ್ಮದು ಸಾಗರ. ಅಮ್ಮ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಪಾಠದ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು, ಶಾಲೆಯ ಸ್ಮರಣ ಸಂಚಿಕೆಯ ಲೇಖನಗಳು, ಅಜ್ಜಿ ಹೇಳುತ್ತಿದ್ದ ಹಾಡುಗಳು, ಎಲ್ಲವನ್ನೂ ಅವರೇ ಟೈಪ್ ಮಾಡಿ ಇದರಲ್ಲಿ ಇಟ್ಟಿದ್ದಾರೆ. ಮೂರನೇ ತಲೆಮಾರಿನ ಕೋರ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ 7 ಇತ್ತು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುತ್ತಿದ್ದ ಕಾಲದಲ್ಲಿ ಅದು ವಿಂಡೋಸ್ 10 ಆಯಿತು. ಆ ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಬೆಂಬಲ ನಿಂತರೆ ಕಂಪ್ಯೂಟರ್ ನಿಲ್ಲುವುದಿಲ್ಲ, ಭದ್ರತೆಯ ಅಪ್‌ಡೇಟ್‌ಗಳು ನಿಲ್ಲುತ್ತವೆ. ಪಿಂಚಣಿ ಬರುವ ಬ್ಯಾಂಕ್ ಖಾತೆಯನ್ನು ಅಮ್ಮ ಇದರಲ್ಲೇ ತೆರೆದು ನೋಡುವುದರಿಂದ ನನಗೆ ಆತಂಕವಿತ್ತು. ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಅಪ್‌ಡೇಟ್ ಸಿಗುವ ವ್ಯವಸ್ಥೆಯೇನೋ ಇತ್ತು. ಆದರೆ ಲಾಗಿನ್ ಆದ ಮೇಲೆ ಚಹಾ ಕುಡಿದು ಬಂದರೂ ಪರದೆ ತೆರೆದುಕೊಳ್ಳದಷ್ಟು ನಿಧಾನವಾಗಿದ್ದ ಯಂತ್ರಕ್ಕೆ ಅದು ಪರಿಹಾರವಾಗಿರಲಿಲ್ಲ.

ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸತೋ ಆಗಿರಬೇಕು. ನಮ್ಮದರಲ್ಲಿ ಎರಡೂ ಇಲ್ಲ. ರಿಪೇರಿ ಅಂಗಡಿಯೊಂದರಲ್ಲಿ ಕೇಳಿದೆ. "600 ರೂಪಾಯಿ ಕೊಡಿ ಮೇಡಂ, ಫಾರ್ಮ್ಯಾಟ್ ಮಾಡಿ ಹನ್ನೊಂದನ್ನೇ ಹಾಕಿಕೊಡುತ್ತೇವೆ. ಆ್ಯಕ್ಟಿವೇಶನ್ ಚಿಂತೆ ನಿಮಗೆ ಬೇಡ" ಎಂದರು. ಚಿಂತೆ ಬೇಡ ಎಂದರೆ ಕಳ್ಳ ಆ್ಯಕ್ಟಿವೇಟರ್, ಅಂದರೆ ಹಣ ಕೊಡದ ವಿಂಡೋಸನ್ನು ಅಸಲಿ ಎಂದು ನಂಬಿಸುವ ತಂತ್ರಾಂಶ ಎಂದರ್ಥ. ಅಂಥ ತಂತ್ರಾಂಶ ಕೆಲಸ ಮಾಡಬೇಕಾದರೆ ಮೊದಲು ಆ್ಯಂಟಿವೈರಸ್ ನಿಲ್ಲಿಸಬೇಕು. ಅದರ ಬೆನ್ನಿಗೆ ಇನ್ನೇನು ಒಳಗೆ ಬಂತು ಎಂದು ತಿಳಿಯುವ ದಾರಿ ನಮಗಿಲ್ಲ. ಬ್ಯಾಂಕ್ ಖಾತೆ ತೆರೆಯುವ ಯಂತ್ರಕ್ಕೆ ಇದನ್ನು ದಯವಿಟ್ಟು ಮಾಡಿಸಬೇಡಿ. "ಡೇಟಾ ಏನಾಗುತ್ತದೆ?" ಎಂದು ಕೇಳಿದ್ದಕ್ಕೆ, "ಡಿ ಡ್ರೈವ್ ಮುಟ್ಟುವುದಿಲ್ಲ" ಎಂದಷ್ಟೇ ಹೇಳಿದರು. ಅಮ್ಮನ ಬರಹಗಳಲ್ಲಿ ಅರ್ಧಕ್ಕರ್ಧ ಇದ್ದದ್ದು ಡೆಸ್ಕ್‌ಟಾಪ್ ಮೇಲೆ, ಅಂದರೆ ಸಿ ಡ್ರೈವಿನಲ್ಲಿ.

ಹಾಗಾಗಿ ನಾನೇ ಮಾಡುವುದೆಂದು ನಿರ್ಧರಿಸಿದೆ. ಆರಿಸಿಕೊಂಡದ್ದು ವಿಂಡೋಸ್ ಬದಲು ಹಾಕಬಹುದಾದ ಓಎಸ್, ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಆವೃತ್ತಿ. ಉಚಿತ, ಹಳೆಯ ಯಂತ್ರಗಳ ಮೇಲೆ ಹಗುರ, 2029ರವರೆಗೆ ಅಪ್‌ಡೇಟ್ ಬರುತ್ತದೆ. ಅಮ್ಮನಿಗೆ ವಿಷಯ ಹೇಳಿದಾಗ, "ನನ್ನದು ಒಂದಕ್ಷರ ಹೋಗುವುದಾದರೂ ಬೇಡ ಪುಟ್ಟಿ. ನಿಧಾನವಾದರೂ ಇದು ಹೀಗೇ ಇರಲಿ" ಎಂದರು. ಆ ಮಾತು ಕೊನೆಯವರೆಗೂ ನನ್ನ ತಲೆಯ ಮೇಲೆ ಕೂತಿತ್ತು.

ಮೊದಲು ಮಾಡಿದ್ದು ಪಟ್ಟಿ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಫೋಟೊಗಳು ಎಲ್ಲರಿಗೂ ನೆನಪಿರುತ್ತವೆ. ಮರೆಯುವಂಥವು ಬೇರೆ ಇವೆ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ಮತ್ತು ಬುಕ್‌ಮಾರ್ಕ್‌ಗಳು, ಔಟ್‌ಲುಕ್‌ನಂಥ ತಂತ್ರಾಂಶದೊಳಗೆ ಇಳಿಸಿಕೊಂಡಿರುವ ಹಳೆಯ ಇಮೇಲ್, ಟ್ಯಾಲಿಯ ಲೆಕ್ಕ, ಡಿಜಿಟಲ್ ಸಹಿ ಬಳಸುವವರಾದರೆ ವಿಂಡೋಸ್ ಒಳಗೆ ಸೇರಿರುವ ಪ್ರಮಾಣಪತ್ರ. ಹಣ ಕೊಟ್ಟು ಕೊಂಡ ತಂತ್ರಾಂಶಗಳ ಪ್ರಾಡಕ್ಟ್ ಕೀ ಕೂಡ ಬರೆದುಕೊಳ್ಳಿ. ವಿಂಡೋಸ್ 7ರ ಕೀ ನಮ್ಮ ಸಿಪಿಯು ಡಬ್ಬದ ಬೆನ್ನ ಮೇಲಿನ ಸ್ಟಿಕರ್‌ನಲ್ಲಿತ್ತು. ಅರ್ಧ ಅಳಿಸಿತ್ತು, ಟಾರ್ಚ್ ಬಿಟ್ಟು ಫೋಟೊ ತೆಗೆದುಕೊಂಡೆ.

ಆಮೇಲೆ ಅಮ್ಮನ ಒಂದು ಪ್ರಶ್ನೆಪತ್ರಿಕೆಯನ್ನು ಪೆನ್‌ಡ್ರೈವಿಗೆ ಹಾಕಿ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದು ನೋಡಿದೆ. ಕನ್ನಡದ ಒಂದಕ್ಷರವೂ ಇಲ್ಲ. ಪುಟದ ತುಂಬ ಇಂಗ್ಲಿಷಿನ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕಿ, ಗೆರೆ, ಟೋಪಿ. ಹಳೆಯ ನುಡಿ ಮತ್ತು ಬರಹದ ಕಡತಗಳಲ್ಲಿ ನಿಜಕ್ಕೂ ಇರುವುದು ಇವೇ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಫಾಂಟ್ ಮಾಡಿದ್ದರು. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್ ಎಲ್ಲ ಕಡೆ ಸರಿಯಾಗಿ ನಡೆಯದಿದ್ದ ಕಾಲದಲ್ಲಿ ಇದ್ದ ದಾರಿ ಅದು, ಅದರಿಂದಲೇ ಸಾವಿರಾರು ಜನ ಕನ್ನಡದಲ್ಲಿ ಟೈಪ್ ಮಾಡಲು ಕಲಿತರು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಬರಹ ಬರಹವೇ ಅಲ್ಲ. ಫೈಲ್ ಉಳಿಸಿಕೊಂಡು ಫಾಂಟ್ ಅಳಿಸಿದ್ದರೆ, ಕೀಲಿಕೈ ಎಸೆದು ಪೆಟ್ಟಿಗೆಯನ್ನು ಮಾತ್ರ ಜೋಪಾನ ಮಾಡಿದ ಹಾಗೆ ಆಗುತ್ತಿತ್ತು.

ನೀವೂ ಇದೇ ಸ್ಥಿತಿಯಲ್ಲಿದ್ದರೆ, ಹಳೆಯ ವಿಂಡೋಸ್ ಜೀವಂತವಾಗಿರುವಾಗಲೇ ಮೂರು ಕೆಲಸ ಮುಗಿಸಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇರುತ್ತದೆ. ಅಲ್ಲಿಂದ ನುಡಿ ಎಂದೋ, ಬರಹದವಾದರೆ ಬಿಆರ್‌ಎಚ್ ಎಂದೋ ಆರಂಭವಾಗುವ ಫಾಂಟುಗಳನ್ನೆಲ್ಲ ನಕಲು ಮಾಡಿಕೊಳ್ಳಿ. ಮುಖ್ಯವಾದ ಕಡತಗಳನ್ನೆಲ್ಲ ಪಿಡಿಎಫ್ ಮಾಡಿ. ಫಾಂಟ್ ಪಿಡಿಎಫ್ ಒಳಗೇ ಸೇರಿಕೊಳ್ಳುವುದರಿಂದ ಎಲ್ಲಿ ತೆರೆದರೂ ಕಣ್ಣಿಗೆ ಸರಿಯಾಗಿ ಕಾಣುತ್ತದೆ. ಪೇಜ್‌ಮೇಕರ್‌ನಲ್ಲಿ ಪುಟ ವಿನ್ಯಾಸ ಮಾಡಿಸಿದ ಸಂಚಿಕೆಗಳಿದ್ದರಂತೂ ಇದನ್ನು ತಪ್ಪಿಸಬೇಡಿ. ಮೂರನೆಯದು ಯೂನಿಕೋಡ್‌ಗೆ ಪರಿವರ್ತನೆ, ಅದರ ಪಾಡು ಮುಂದೆ ಹೇಳುತ್ತೇನೆ.

ಡಿಸ್ಕಿನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿದೆ. ನೀಲಿ ಬಣ್ಣದಲ್ಲಿ 'ಗುಡ್' ಎಂದು ಬರಬೇಕಾದ ಕಡೆ ಹಳದಿಯಲ್ಲಿ 'ಕಾಷನ್' ಎಂದು ಬಂತು. ಡಿಸ್ಕಿನ ಕೆಲವು ಭಾಗ ಕೆಡತೊಡಗಿರಬಹುದು ಎಂದರ್ಥ. ಗೆಳತಿಯೊಬ್ಬಳಿಂದ 1 ಟಿಬಿ ಬಾಹ್ಯ ಡಿಸ್ಕ್ ತಂದು ನಕಲು ಶುರು ಮಾಡಿದೆ. ತಂಗಿಯ ಮದುವೆಯ ಫೋಟೊಗಳ ಫೋಲ್ಡರಿಗೆ ಬಂದಾಗ ಹಸಿರು ಪಟ್ಟಿ ಸರಿಯುವುದು ನಿಂತುಹೋಯಿತು. ಒಳಗಿನಿಂದ ಟಿಕ್, ಟಿಕ್ ಎಂಬ ಸದ್ದು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಒಮ್ಮೆ ಕಿರುಚಿ ಸುಮ್ಮನಾಯಿತು. ಅದರ ಬ್ಯಾಟರಿ ಸತ್ತು ಎಷ್ಟು ಕಾಲವಾಗಿತ್ತೋ, ಅಂದೇ ಗೊತ್ತಾದದ್ದು.

ಕರೆಂಟು ಬಂದ ಮೇಲೆ ಚಾಲೂ ಮಾಡಿದರೆ ವಿಂಡೋಸ್ ಲೋಗೊ ಬಂದು, ನೀಲಿ ಪರದೆ ಬಿದ್ದು, ಮತ್ತೆ ಮೊದಲಿನಿಂದ ಶುರು. ಪದೇ ಪದೇ ಹೀಗೇ. ಡಿಸ್ಕ್ ಹೋಯಿತು ಎಂದೇ ಅಂದುಕೊಂಡೆ. ಅಮ್ಮ ಅಡುಗೆಮನೆಯಿಂದ "ಏನಾಯಿತು?" ಎಂದು ಕೇಳಿದರೂ ಉತ್ತರ ಕೊಡಲು ಬಾಯಿ ಬರಲಿಲ್ಲ. ಆಮೇಲೆ ಸಮಾಧಾನ ಮಾಡಿಕೊಂಡು, ಲೋಗೊಗಿಂತ ಮೊದಲು ಕಪ್ಪು ಪರದೆಯಲ್ಲಿ ಸರಿದುಹೋಗುತ್ತಿದ್ದ ಸಾಲನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ನಿಲ್ಲಿಸಿ ಓದಿದೆ. ಸಿಮಾಸ್ ಚೆಕ್‌ಸಮ್ ದೋಷ ಎಂದಿತ್ತು. ವಿಷಯ ಇಷ್ಟೇ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಸೆಲ್ ಇರುತ್ತದೆ. ಕರೆಂಟು ಇಲ್ಲದಾಗ ಗಡಿಯಾರವನ್ನೂ ಬಯಾಸ್ (ಕಂಪ್ಯೂಟರ್ ಏಳುವಾಗ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗ್‌ಗಳನ್ನೂ ಕಾಯುವುದು ಅದು. ಆ ಸೆಲ್ ಸತ್ತಿತ್ತು, ಸೆಟ್ಟಿಂಗ್‌ಗಳೆಲ್ಲ ಕಾರ್ಖಾನೆಯ ಸ್ಥಿತಿಗೆ ಮರಳಿದ್ದವು. ಡಿಸ್ಕ್ ಓದುವ ವಿಧಾನ ಎಎಚ್‌ಸಿಐ ಇದ್ದದ್ದು ಐಡಿಇ ಎಂದಾಗಿತ್ತು. ಆ ಬದಲಾವಣೆಯಾದರೆ ವಿಂಡೋಸ್‌ಗೆ ತನ್ನದೇ ಡಿಸ್ಕ್ ಸಿಗುವುದಿಲ್ಲ. ಡಿಲೀಟ್ ಕೀ ಒತ್ತಿ ಬಯಾಸ್ ಒಳಗೆ ಹೋಗಿ ಎಎಚ್‌ಸಿಐ ಎಂದು ಬದಲಿಸಿದೆ, ವಿಂಡೋಸ್ ಎದ್ದಿತು. ಹಳೆಯ ಯಂತ್ರ ಏಕಾಏಕಿ ಬೂಟ್ ಆಗದಿದ್ದರೆ, ಅಂದರೆ ಚಾಲೂ ಆಗದಿದ್ದರೆ, ಡಿಸ್ಕ್ ಎಸೆಯುವ ಮೊದಲು ಇದನ್ನು ನೋಡಿ. ಸೆಲ್ಲಿನ ಹೆಸರು ಸಿಆರ್2032, ಬೆಲೆ 40 ರೂಪಾಯಿ.

ಶಿವಮೊಗ್ಗಕ್ಕೆ ಹೋಗಿ ಸೆಲ್, ಯುಪಿಎಸ್ ಬ್ಯಾಟರಿ, 256 ಜಿಬಿಯ ಎಸ್‌ಎಸ್‌ಡಿ (ತಿರುಗುವ ತಟ್ಟೆಗಳಿಲ್ಲದ, ವೇಗದ ಡಿಸ್ಕ್), ಸೆಕೆಂಡ್ ಹ್ಯಾಂಡ್ ಡಿಡಿಆರ್3 ರ್‍ಯಾಮ್ 4 ಜಿಬಿ, ಒಂದು ಪೆನ್‌ಡ್ರೈವ್ ತಂದೆ. ಡಿಡಿಆರ್3 ಎಂಬುದು ಹಳೆಯ ಮಾದರಿ, ಸೆಕೆಂಡ್ ಹ್ಯಾಂಡ್ ಆದರೆ ಅಂಗಡಿಯಲ್ಲೇ ಹಾಕಿಸಿ ಪರೀಕ್ಷಿಸಿ ಕೊಳ್ಳಿ. ಮನೆಗೆ ಬಂದು ಡಬ್ಬ ಬಿಚ್ಚಿದರೆ ಪ್ರೊಸೆಸರ್ ಫ್ಯಾನಿನ ಎಲೆಗಳ ನಡುವೆ ಧೂಳು ಕಂಬಳಿಯಾಗಿ ಕೂತಿತ್ತು, ಪವರ್ ಸಪ್ಲೈ ಮೂಲೆಯಲ್ಲಿ ಎರಡು ಹಲ್ಲಿ ಮೊಟ್ಟೆ. ಒಣ ಬ್ರಷ್‌ನಿಂದ ಗುಡಿಸಿ, ರ್‍ಯಾಮ್ ಪಟ್ಟಿಯ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಕೂರಿಸಿದೆ.

ಕೆಟ್ಟ ಡಿಸ್ಕಿನಿಂದ ಕಡತ ಎತ್ತಲು ವಿಂಡೋಸಿನ ಕಾಪಿ ಪೇಸ್ಟ್ ಸಾಲದು. ಓದಲಾಗದ ಒಂದು ಜಾಗ ಸಿಕ್ಕರೆ ಅಲ್ಲೇ ಜಗ್ಗುತ್ತ ನಿಲ್ಲುತ್ತದೆ, ಡಿಸ್ಕ್ ಇನ್ನಷ್ಟು ಸವೆಯುತ್ತದೆ. ಮಿಂಟ್ ಇರುವ ಪೆನ್‌ಡ್ರೈವ್‌ನಿಂದ (ಅದನ್ನು ಮಾಡುವ ವಿಧಾನ ಮುಂದಿದೆ) ಬೂಟ್ ಮಾಡಿದರೆ, ಏನನ್ನೂ ಇನ್‌ಸ್ಟಾಲ್ ಮಾಡದೆ ನೇರ ಅದರಿಂದಲೇ ಕಂಪ್ಯೂಟರ್ ನಡೆಸಬಹುದು. ಅದರಲ್ಲಿ ಡಿಡಿರೆಸ್ಕ್ಯೂ ಎಂಬ ಸಲಕರಣೆ ಹಾಕಿಕೊಂಡೆ. ಅದು ಓದಲು ಬರುವ ಭಾಗವನ್ನೆಲ್ಲ ಮೊದಲು ಎತ್ತಿ, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳಿ ಬರುತ್ತದೆ. ಎಲ್ಲಿಯವರೆಗೆ ಓದಿದೆ ಎಂಬ ಲೆಕ್ಕವನ್ನು ಬೇರೆ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ನಮ್ಮಂಥ ಊರಿಗೆ ಇದಕ್ಕಿಂತ ಬೇಕಾದದ್ದು ಇನ್ನೇನು? ಆ ಲೆಕ್ಕದ ಫೈಲನ್ನು ಮಾತ್ರ ಬಾಹ್ಯ ಡಿಸ್ಕಿನಲ್ಲೇ ಇಡಿ. ಪೆನ್‌ಡ್ರೈವ್‌ನಿಂದ ನಡೆಯುವಾಗ ಉಳಿದದ್ದೆಲ್ಲ ರ್‍ಯಾಮ್‌ನಲ್ಲಿರುತ್ತದೆ, ಕರೆಂಟಿನ ಜೊತೆ ಹೋಗುತ್ತದೆ. ಇದನ್ನು ಹಾಕಿಕೊಳ್ಳುವಾಗಲೂ ಒಂದು ತೊಡಕು ಬಂತು: ಡೌನ್‌ಲೋಡ್ ಪಟ್ಟಿ 'ಇನ್ನೂ ಜಾರಿಗೆ ಬಂದಿಲ್ಲ' ಎಂಬರ್ಥದ ಸಂದೇಶ. ಸೆಲ್ ಬದಲಿಸಿದ ಮೇಲೆ ಗಡಿಯಾರ 2012ಕ್ಕೆ ಹೋಗಿ ನಿಂತಿತ್ತು. ದಿನಾಂಕ ತಪ್ಪಿದರೆ ಬ್ರೌಸರ್ ಕೂಡ ಯಾವ ಸುರಕ್ಷಿತ ತಾಣವನ್ನೂ ತೆರೆಯುವುದಿಲ್ಲ. ಬಯಾಸ್‌ನಲ್ಲಿ ದಿನಾಂಕ ಸರಿಪಡಿಸಿದ ಕೂಡಲೇ ಎಲ್ಲ ನಡೆಯಿತು.

ನಕಲು ರಾತ್ರಿಯಿಡೀ ಓಡಿ ಬೆಳಗ್ಗೆಗೂ ಮುಗಿದಿರಲಿಲ್ಲ. ಕೊನೆಗೆ ಲೆಕ್ಕ ನೋಡಿದರೆ ಕಳೆದುಹೋದದ್ದು ಮದುವೆಯ ಬೆರಳೆಣಿಕೆಯ ಫೋಟೊಗಳು ಮಾತ್ರ, ಅವೂ ತಂಗಿಯ ಬಳಿ ಇದ್ದವು. ಅಮ್ಮನ ಬರಹ ಪೂರ್ತಿ ಬಂದಿತ್ತು. ಅವರೇ ಕುಳಿತು ಒಂದೊಂದೇ ಫೋಲ್ಡರ್ ತೆರೆದು ನೋಡಿ "ಇದೆ, ಇದೂ ಇದೆ" ಎಂದು ಹೇಳುವವರೆಗೂ ನಾನು ಮುಂದಿನ ಹೆಜ್ಜೆ ಇಡಲಿಲ್ಲ. ನೀವೂ ಹಾಗೆ ಮಾಡಿ. ಬ್ಯಾಕಪ್ ಆಗಿದೆ ಎಂಬ ಸಂದೇಶ ನಂಬುವುದು ಬೇಡ, ಕಡತಗಳ ಒಡೆಯರು ತೆರೆದು ನೋಡಬೇಕು.

ಪರಿವರ್ತನೆಯ ಕೆಲಸ ನಿಜಕ್ಕೂ ತಾಳ್ಮೆ ಬೇಡುವಂಥದ್ದು. ನುಡಿಯ ಹೊಸ ಆವೃತ್ತಿಗಳಲ್ಲಿ ಪರಿವರ್ತಕ ಇದೆ, ಬ್ರೌಸರಿನಲ್ಲಿ ನಡೆಯುವ ಉಚಿತ ಪರಿವರ್ತಕಗಳೂ ಇವೆ. ಪಠ್ಯವನ್ನು ಅಂಟಿಸಿ ಗುಂಡಿ ಒತ್ತಿದರೆ ಯೂನಿಕೋಡ್ ಕನ್ನಡ ಸಿಗುತ್ತದೆ. ಗದ್ಯ ಬಹುಮಟ್ಟಿಗೆ ಸರಿಯಾಗಿಯೇ ಬಂತು. ಆದರೆ ಅಮ್ಮನ ಪ್ರಶ್ನೆಪತ್ರಿಕೆಗಳಲ್ಲಿ ನಡುನಡುವೆ ಇಂಗ್ಲಿಷ್ ಪದಗಳಿದ್ದವು. ಪರಿವರ್ತಕಕ್ಕೆ ಫಾಂಟ್ ಕಾಣುವುದಿಲ್ಲ, ಅಕ್ಷರದ ಸಂಕೇತ ಮಾತ್ರ ಕಾಣುತ್ತದೆ. ಹಾಗಾಗಿ ಶಾಲೆಯ ಇಂಗ್ಲಿಷ್ ಹೆಸರನ್ನೂ ಕನ್ನಡದ ಚೂರುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಉದುರಿಸಿತು. ಅರ್ಕಾವೊತ್ತು ಕೆಲವೆಡೆ ಪಕ್ಕದ ಅಕ್ಷರಕ್ಕೆ ಜಾರಿತ್ತು. ಉದ್ಧರಣ ಚಿಹ್ನೆಗಳು ಬೇರೇನೋ ಆಗಿದ್ದವು. ಕೋಷ್ಟಕಗಳು ಕುಸಿದು ಒಂದೇ ಸಾಲಾಗಿದ್ದವು. ಅಜ್ಜಿಯ ಹಾಡುಗಳನ್ನು ಮಾತ್ರ ನಾನು ಮತ್ತು ಅಮ್ಮ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಿದೆವು. ಅವು ಬೇರೆಲ್ಲೂ ಅಚ್ಚಾಗಿಲ್ಲ, ಹೇಳುತ್ತಿದ್ದವರೂ ಈಗಿಲ್ಲ. ಉಳಿದ ಕಡತಗಳನ್ನು ಹಳೆಯ ರೂಪದಲ್ಲೇ ಇಟ್ಟಿದ್ದೇವೆ, ಬೇಕಾದಾಗ ಒಂದೊಂದಾಗಿ ಬದಲಿಸಿಕೊಳ್ಳುತ್ತೇವೆ. ಎಲ್ಲವನ್ನೂ ಒಂದೇ ಏಟಿಗೆ ಪರಿವರ್ತಿಸಿ ಮೂಲವನ್ನು ಅಳಿಸುವ ಕೆಲಸ ಮಾತ್ರ ಮಾಡಬೇಡಿ.

ಇನ್ನು ಇನ್‌ಸ್ಟಾಲ್ ವಿಚಾರ, ಇದು ಬೇಗ ಮುಗಿಯುತ್ತದೆ. ಮಿಂಟ್‌ನ ಐಎಸ್‌ಒ ಫೈಲ್, ಅಂದರೆ ಇಡೀ ಓಎಸ್ ಅಡಗಿರುವ ಒಂದೇ ಕಡತ, ಸುಮಾರು 3 ಜಿಬಿ. ಇಳಿಸಿಕೊಂಡ ಮೇಲೆ ಅದರ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಕೇತ) ತಾಣದಲ್ಲಿ ಕೊಟ್ಟಿರುವುದರ ಜೊತೆ ಹೋಲಿಸಿ. 2016ರ ಫೆಬ್ರುವರಿಯಲ್ಲಿ ಮಿಂಟ್ ತಾಣಕ್ಕೇ ಕನ್ನ ಹಾಕಿ, ಹಿಂಬಾಗಿಲಿರುವ ಐಎಸ್‌ಒ ಹಂಚಿದ್ದರು. ಹಾಗಾಗಿ ಮೊತ್ತದ ಫೈಲಿನ ಮೇಲಿನ ಸಹಿಯನ್ನೂ ಪರೀಕ್ಷಿಸುವ ವಿಧಾನವನ್ನು ಅವರೇ ವಿವರಿಸಿದ್ದಾರೆ. ಪೆನ್‌ಡ್ರೈವ್‌ಗೆ ಬರೆಯಲು ರೂಫಸ್ ಎಂಬ ಉಚಿತ ತಂತ್ರಾಂಶ ಸಾಕು. ಬೂಟ್ ಮೆನು ಕೀ ಒಂದೊಂದು ಯಂತ್ರಕ್ಕೆ ಒಂದೊಂದು: ಡೆಲ್ ಮತ್ತು ಲೆನೊವೊಗೆ ಎಫ್12, ಎಚ್‌ಪಿಗೆ ಎಫ್9. ಆ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು, ಒಂದರ ಹೆಸರಿನ ಮೊದಲಲ್ಲಿ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಎಂದಿರುತ್ತದೆ. ನಿಮ್ಮ ಯಂತ್ರಕ್ಕೆ ಅದು ಬರುವುದಾದರೆ ಅದನ್ನೇ ಆರಿಸಿ.

ಇನ್‌ಸ್ಟಾಲ್ ಮಾಡುವಾಗ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಟ್ಟೆ. 'ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು' ಎಂಬ ಆಯ್ಕೆ ಒತ್ತುವಾಗ ಒಳಗೆ ಹೊಸ ಎಸ್‌ಎಸ್‌ಡಿ ಒಂದೇ ಇದ್ದರೆ ತಪ್ಪು ಡಿಸ್ಕ್ ಅಳಿಯುವ ಭಯವಿಲ್ಲ, ಬೂಟ್ ಫೈಲುಗಳು ತಪ್ಪು ಕಡೆ ಕೂರುವ ಭಯವೂ ಇಲ್ಲ. ಪರದೆ ಮೂಡುವುದಕ್ಕೆ ಈಗ ಅರ್ಧ ನಿಮಿಷವೂ ಬೇಡ.

ಅಮ್ಮನ ಬೆರಳುಗಳಿಗೆ ಇರುವುದು ನುಡಿಯ ಕೀಲಿಮಣೆ, ಅಂದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಲಿನಕ್ಸ್‌ನಲ್ಲಿ ಅದು 'ಕೆಜಿಪಿ' ಎಂಬ ಹೆಸರಿನಲ್ಲಿ ಸಿಗುತ್ತದೆ. ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ (ಬೇರೆ ಭಾಷೆಗಳಲ್ಲಿ ಟೈಪ್ ಮಾಡಿಸುವ ತಂತ್ರಾಂಶ) ಆರಿಸಿ, ಎಂ17ಎನ್ ಎಂಬ ಕೀಲಿಮಣೆಗಳ ಪ್ಯಾಕೇಜ್ ಹಾಕಿ, ಕನ್ನಡದ ಕೆಳಗೆ ಅದನ್ನು ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಲಾಗ್‌ಔಟ್ ಆಗದೆ ಏಕೆ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಒತ್ತಕ್ಷರಕ್ಕೆ ಮೊದಲಿನಂತೆಯೇ ಎಫ್ ಕೀ. ಅಮ್ಮ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ. ಉಳಿಸಿಕೊಂಡಿದ್ದ ನುಡಿ ಫಾಂಟುಗಳನ್ನು ಹೋಮ್ ಫೋಲ್ಡರಿನಲ್ಲಿ .fonts (ಡಾಟ್ ಫಾಂಟ್ಸ್) ಎಂಬ ಫೋಲ್ಡರ್ ಮಾಡಿ ಹಾಕಿದೆ. ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ಹಳೆಯ ಕಡತಗಳು ಕನ್ನಡದಲ್ಲೇ ತೆರೆದುಕೊಂಡವು.

ಪ್ರಿಂಟರ್ ಮಾತ್ರ ಇನ್ನೂ ಒಲಿದಿಲ್ಲ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಸಣ್ಣ ಲೇಸರ್ ಪ್ರಿಂಟರ್ ಅದು, ಲಿನಕ್ಸ್‌ಗೆ ಅದರ ಚಾಲಕ ತಂತ್ರಾಂಶ ಸುಲಭವಾಗಿ ಕೂರುತ್ತಿಲ್ಲ. ಸದ್ಯಕ್ಕೆ ಪಿಡಿಎಫ್ ಮಾಡಿ ನನ್ನ ಲ್ಯಾಪ್‌ಟಾಪಿನಿಂದ ಮುದ್ರಿಸುತ್ತಿದ್ದೇವೆ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ನಿಮಗೆ ದಿನನಿತ್ಯ ಬೇಕಿದ್ದರೆ, ಇನ್‌ಸ್ಟಾಲ್‌ಗೆ ಮೊದಲೇ ಪೆನ್‌ಡ್ರೈವ್‌ನಿಂದ ನಡೆಸಿ ಅವು ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಿ. ಕೆಲಸ ಮಾಡದಿದ್ದರೆ ಬೇರೆ ಯೋಚನೆ ಮಾಡಲು ಆಗ ಇನ್ನೂ ಸಮಯವಿರುತ್ತದೆ.

ಹಳೆಯ ಹಾರ್ಡ್ ಡಿಸ್ಕನ್ನು ಕೆಲಕಾಲ ಹಾಗೆಯೇ ಇಟ್ಟು, ಏನೂ ಬಿಟ್ಟುಹೋಗಿಲ್ಲ ಎಂದು ಖಾತ್ರಿಯಾದ ಮೇಲೆ, ಬೇಕಾದ ಕಡತಗಳ ಇನ್ನೊಂದು ಪ್ರತಿಯನ್ನೂ ಮಾಡಿಟ್ಟುಕೊಂಡು ಅಳಿಸಿದೆ. ಅದರಲ್ಲಿ ಆಧಾರ್, ಪ್ಯಾನ್, ಪಾಸ್‌ಬುಕ್ ಸ್ಕ್ಯಾನ್‌ಗಳಿದ್ದವು. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಕಡತಗಳ ಪಟ್ಟಿಯನ್ನು ಮಾತ್ರ, ಕಡತಗಳು ಅಲ್ಲೇ ಇರುತ್ತವೆ, ಉಚಿತ ತಂತ್ರಾಂಶಗಳಿಂದಲೇ ಮರಳಿ ತೆಗೆಯಬಹುದು. ಎಸ್‌ಎಸ್‌ಡಿ ಕೇಬಲ್ ಕಿತ್ತು, ಹಳೆಯ ಡಿಸ್ಕ್ ಮಾತ್ರ ಜೋಡಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎನ್‌ವೈಪ್ ಎಂಬ ಸಲಕರಣೆಯಿಂದ ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸಿದೆ. ಹಾರ್ಡ್ ಡಿಸ್ಕಿಗೆ ಒಂದು ಸಲ ಬರೆದರೆ ಸಾಕು. ಎಸ್‌ಎಸ್‌ಡಿ ಅಳಿಸುವುದಾದರೆ ಈ ವಿಧಾನ ಹೊಂದುವುದಿಲ್ಲ, ಅದಕ್ಕೆ ಸೆಕ್ಯೂರ್ ಇರೇಸ್ ಎಂಬ ಬೇರೆ ಆಜ್ಞೆ ಇದೆ. ನಮ್ಮ ಡಿಸ್ಕಿನಲ್ಲಿ ಕೆಟ್ಟ ಭಾಗಗಳಿದ್ದುದರಿಂದ, ಅಲ್ಲಿ ಏನು ಉಳಿದಿದೆಯೋ ಎಂಬ ಅನುಮಾನ ಹೋಗಲಿಲ್ಲ. ಪಕ್ಕದ ಮನೆಯ ಬಡಗಿ ಅಣ್ಣನ ಡ್ರಿಲ್ಲಿನಿಂದ ಒಳಗಿನ ತಟ್ಟೆಗಳಿಗೆ ತೂತು ಹೊಡೆಸಿ, ಇ-ತ್ಯಾಜ್ಯಕ್ಕೆ ಕೊಡಲು ಎತ್ತಿಟ್ಟಿದ್ದೇನೆ.

ಖರ್ಚು ಕೇಳುವವರಿಗಾಗಿ: ಎಸ್‌ಎಸ್‌ಡಿ 2,150, ರ್‍ಯಾಮ್ 600, ಯುಪಿಎಸ್ ಬ್ಯಾಟರಿ 1,050, ಪೆನ್‌ಡ್ರೈವ್ 350, ಸೆಲ್ 40. ಒಟ್ಟು 4,190 ರೂಪಾಯಿ. ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ರ್‍ಯಾಮ್ ಬಿಡಿ, ಎಸ್‌ಎಸ್‌ಡಿ ಬಿಡಬೇಡಿ. ವೇಗದಲ್ಲಿ ಕಾಣುವ ವ್ಯತ್ಯಾಸ ಬಹುಪಾಲು ಅದರದೇ.